ಬೆನ್ನ ಜೇಬಿನ ಉಡಿ

ಮೊದಲೇ ಹೇಳಿಬಿಡುತ್ತೇನೆ, ಆಂಟಿ ಅನ್ನುವ ಮಾತಿನ ಮೇಲೆ ನನಗೆ ಹಗೆಯೇನೂ ಇಲ್ಲ. ತರಕಾರಿಯವನು ಅನ್ನುತ್ತಾನೆ, ಆಟೋದವನು ಅನ್ನುತ್ತಾನೆ, ಕುಷಾಯಿಗೂಡದ ನಮ್ಮ ಗಲ್ಲಿಯಲ್ಲಿ ನನಗಿಂತ ಎರಡೇ ವರ್ಷಕ್ಕೆ ಚಿಕ್ಕವಳಾದ ಎದುರುಮನೆಯವಳೂ ಅನ್ನುತ್ತಾಳೆ, ಅವಳ ನಾಲಿಗೆ ಸೇದಿಹೋಗಲಿ. ಎಲ್ಲ ಕೇಳಿಕೊಂಡು ಸುಮ್ಮನಿದ್ದೇನೆ. ಆದರೆ ಜೀವ ಬಾಯಿಗೆ ಬರುವ ಹಾಗೆ ನಾನು ಸೈಕಲ್ ತುಳಿಯುತ್ತಿರುವಾಗ, ಹಿಂದಿನಿಂದ ಬಂದವಳೊಬ್ಬಳು ನನ್ನನ್ನು ದಾಟುತ್ತ, ಉಸಿರೂ ಏರದ ದನಿಯಲ್ಲಿ, 'ಚೆನ್ನಾಗಿ ಓಡಿಸ್ತಿದ್ದೀರಾ ಆಂಟಿ' ಅಂದರೆ ಮೈಯೆಲ್ಲ ಉರಿಯುತ್ತದೆ. ಅದೂ ಒಂದು ಸಲವಲ್ಲ, ಮೂರು ರೇಸಿನಲ್ಲಿ ಮೂರು ಸಲ.

ಅವಳ ಹೆಸರು ಮಧುರಾ. ಮೈಸೂರಿನ ಹುಡುಗಿ, ಇಲ್ಲಿ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ. ಅವಳ ಸೈಕಲ್ಲನ್ನು ಒಂದೇ ಬೆರಳಿನಲ್ಲಿ ಎತ್ತಬಹುದು. ನನ್ನದನ್ನು ಎತ್ತಬೇಕಾದರೆ ನನ್ನ ಗಂಡ ಕಾಶಿನಾಥ ಮೊದಲು ಸೊಂಟಕ್ಕೆ ಕೈಕೊಟ್ಟು ಒಂದು ಗಳಿಗೆ ಯೋಚನೆ ಮಾಡುತ್ತಾರೆ. ಅಸಲಿಗೆ ಅದು ಅವರದೇ ಸೈಕಲ್. ಸಕ್ಕರೆ ಕಾಯಿಲೆ ಬಂದೀತು ಎಂಬ ಭಯಕ್ಕೆ ಕೊಂಡು ತಂದು, ಎರಡನೆಯ ದಿನವೇ ಕಬ್ಬಿನ ಹಾಲಿನ ಗಾಡಿಗೆ ಗುದ್ದಿ, ಬಿದ್ದು, ಅದೇ ಗಾಡಿಯಲ್ಲಿ ಸುಧಾರಿಸಿಕೊಳ್ಳಲು ಎರಡು ಗ್ಲಾಸು ಕಬ್ಬಿನ ಹಾಲು ಕುಡಿದು ಮನೆಗೆ ಬಂದರು. ಆಮೇಲೆ ಅದನ್ನು ಮುಟ್ಟಲಿಲ್ಲ. ಮನೆಗೆ ತಂದ ವಸ್ತು ಮೂಲೆಯಲ್ಲಿ ನಿಂತರೆ ನನಗೆ ಅನ್ನ ಸೇರುವುದಿಲ್ಲ. ನಾನೇ ಹತ್ತಿದೆ. ಹತ್ತಿದ ಮೇಲೆ ಇಳಿಯಲು ಮನಸ್ಸಾಗಲಿಲ್ಲ. ವಾರವಿಡೀ ಕಾರ್ಖಾನೆಯ ಸ್ಟೋರ್ಸಿನಲ್ಲಿ ಬೋಲ್ಟು, ವಾಷರು ಎಣಿಸುವವಳಿಗೆ ಯಾರೂ ಕರೆಯದ, ಯಾರೂ ಕೇಳದ ಒಂದು ತಾಸು ಸಿಕ್ಕಿದರೆ ಅದರ ರುಚಿಯೇ ಬೇರೆ. ಹಾಗೆ ಕ್ಲಬ್ಬು ಸೇರಿದೆ, ಕ್ಲಬ್ಬಿನಿಂದ ಈ ಟೈಮ್ ಟ್ರಯಲ್ ಎಂಬ ಹುಚ್ಚಿಗೆ ಬಿದ್ದೆ.

ಟೈಮ್ ಟ್ರಯಲ್ ಎಂದರೆ ಎಲ್ಲರೂ ಒಟ್ಟಿಗೆ ಹೊರಡುವ ರೇಸ್ ಅಲ್ಲ. ನಿಮಿಷಕ್ಕೆ ಒಬ್ಬರಂತೆ ಬಿಡುತ್ತಾರೆ. ಶಂಶಾಬಾದಿನ ಆಚೆ ರಿಂಗ್ ರೋಡಿನ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಿ, ದೂರದಲ್ಲಿಟ್ಟ ಕೇಸರಿ ಕೋನ್ ಸುತ್ತಿ, ಅದೇ ದಾರಿಯಲ್ಲಿ ವಾಪಸ್ ಬರಬೇಕು. ಇನ್ನೊಬ್ಬರ ಬೆನ್ನ ಹಿಂದೆ ಗಾಳಿಗೆ ಮರೆಯಾಗಿ ಹೋಗುವಂತಿಲ್ಲ. ಯಾರಿಂದಲೂ ಏನೂ ತೆಗೆದುಕೊಳ್ಳುವಂತಿಲ್ಲ. ನೀನು, ನಿನ್ನ ಕಾಲು, ಗಡಿಯಾರ. ಗೆಲ್ಲುವ ಮಾತು ಬಿಡಿ, ಅದು ಬೇರೆಯವರ ಮನೆಯ ವಿಷಯ. ನನ್ನಂಥವರಿಗೆ ಒಂದೇ ಭಯ, ನಿಮಿಷ ತಡವಾಗಿ ಹೊರಟವರು ಬಂದು ಹಿಡಿಯಬಾರದು. ಹಿಡಿದರೆ ಅದಕ್ಕಿಂತ ಶರಮಿನ ಮಾತಿಲ್ಲ.

ನನ್ನ ಹಿಂದೆ ಮಧುರಾಳೇ ಬಂದದ್ದಕ್ಕೆ ಕಾರಣ ನನ್ನ ಅತ್ತೆ ಬಂಡೆಮ್ಮ. ಅತ್ತೆಗೆ ಎಲ್ಲಿಗೆ ಹೋಗಬೇಕಾದರೂ ಎರಡು ತಾಸು ಮುಂಚೆ ಹೋಗಬೇಕು. ರೈಲಿಗೂ ಹಾಗೆ, ಮದುವೆಗೂ ಹಾಗೆ. ನವೆಂಬರಿನ ಮೊದಲ ರೇಸಿಗೆ ನಾವು ಹೋದಾಗ ಸಂಘಟಕ ಹೇಮಂತ ಇನ್ನೂ ಮೇಜು ಬಿಡಿಸಿರಲಿಲ್ಲ. ಅತ್ತೆಯೇ ಮೇಜಿನ ಕಾಲು ಹಿಡಿದು ನಿಲ್ಲಿಸಿದರು. ನನಗೆ ಒಂದನೇ ನಂಬರು ಸಿಕ್ಕಿತು. ನಮ್ಮ ನಂತರ ಬಂದವಳು ಮಧುರಾ, ಅವಳಿಗೆ ಎರಡು. ಉಡುಪಿಯ ಹೇಮಂತ ಮಹಾ ಶಿಸ್ತಿನ ಮನುಷ್ಯ, ಸೀಸನ್ನಿನ ನಾಲ್ಕೂ ರೇಸಿಗೆ ಅದೇ ನಂಬರು, ಅದೇ ಸಾಲು ಎಂದು ತೀರ್ಮಾನ ಮಾಡಿಬಿಟ್ಟ.

ಮೊದಲ ರೇಸಿಗೆ ನಾನು ಚೂಡಿದಾರ ತೊಟ್ಟು ಹೋಗಿದ್ದೆ. ಅತ್ತೆಯ ಮುಂದೆ ತೊಡೆಗೆ ಅಂಟಿದ ಚಡ್ಡಿ ಹಾಕುವುದು ಹೇಗೆ? ಕುರ್ತಾದೊಳಗೆ ಗಾಳಿ ತುಂಬಿಕೊಂಡು ಬ್ರೇಕು ಹಾಕಿದಂತಾಗಿ, ಕೋನ್ ಮುಟ್ಟುವ ಮೊದಲೇ ಮಧುರಾ ನನ್ನನ್ನು ದಾಟಿ, ಆಂಟಿ ಅಂದು, ಕಣ್ಮರೆಯಾದಳು. ಅತ್ತೆಗೆ ಈ ನಿಮಿಷದ ಲೆಕ್ಕ ತಲೆಗೆ ಹೋಗಿರಲಿಲ್ಲ. ಮುಂದೆ ಹೋದ ಸೊಸೆ ಹಿಂದೆ ಬಂದದ್ದು ಹೇಗೆ, ದಾರಿಯಲ್ಲಿ ಯಾರ ಜೊತೆ ಮಾತಾಡುತ್ತ ನಿಂತಿದ್ದೆ ಎಂದು ಎಲ್ಲರೆದುರು ಕೇಳಿದರು. ಕಾರಿನಲ್ಲಿ ಲಾಲಾಪೇಟೆ ಬರುವವರೆಗೆ ನನ್ನ ಚೂಡಿದಾರವನ್ನೇ ಮೇಲಿಂದ ಕೆಳಗೆ ನೋಡುತ್ತ ಬಂದರು. ಆಮೇಲೆ ತೀರ್ಪು ಹೇಳಿದರು.

"ಆ ಹುಡುಗಿ ಹಾಕ್ಕೊಂಡಿತ್ತಲ್ಲ, ಅಂಥಾ ಚಡ್ಡಿ ನೀನೂ ಹಾಕ್ಕೊ. ಮೈ ಕಂಡ್ರ ಕಾಣ್ಲಿ, ಮನಿ ಮರ್ಯಾದಿ ಹೋಗೂದು ಬ್ಯಾಡ."

ಆ ದಿನದಿಂದ ಅತ್ತೆ ನನ್ನ ಕೋಚ್ ಆದರು. ಅನ್ನ ಬಂದ್, ಜೋಳದ ರೊಟ್ಟಿ ಶುರು, ರೊಟ್ಟಿಯ ಮೇಲಿನ ತುಪ್ಪ ಬಂದ್. ಕಾಶಿನಾಥರು ಸೈಕಲ್ಲಿನ ತೂಕ ಇಳಿಸುವ ಖಾತೆ ವಹಿಸಿಕೊಂಡರು. ಗಂಟೆ ತೆಗೆದರು, ಸ್ಟ್ಯಾಂಡು ತೆಗೆದರು, ಹಿಂದಿನ ಮಡ್‌ಗಾರ್ಡು ತೆಗೆದರು. ನನ್ನ ಕೈಬಳೆಯ ಕಡೆ ನೋಡಿದಾಗ ಅತ್ತೆ ಕಣ್ಣು ಬಿಟ್ಟರು, ಅದೊಂದು ಉಳಿಯಿತು. ತಮ್ಮ ಹೊಟ್ಟೆಯ ಮೇಲೆ ಕೈಯಾಡಿಸುತ್ತ ಗಂಡ, ಇನ್ನು ತೂಕ ಇಳಿಯಬೇಕಾದದ್ದು ಸೈಕಲ್ಲಿನದಲ್ಲ ಎಂದು ನನಗೆ ಹೇಳಿದರು. ಆ ರಾತ್ರಿ ಅವರಿಗೂ ತುಪ್ಪ ಬಂದ್.

ಎರಡನೆಯ ರೇಸಿನಲ್ಲಿ ಕೋನಿನ ಹತ್ತಿರ ಮಧುರಾ ಹಿಡಿದಳು, ಆಂಟಿ ಅಂದಳು. ಆ ಸಿಟ್ಟಿಗೆ ನಾನು ತಪ್ಪು ಗೇರಿಗೆ ಹೊಡೆದು ಚೈನು ಕಳಚಿತು. ರಸ್ತೆ ಬದಿ ಕೂತು, ಕೈಯೆಲ್ಲ ಎಣ್ಣೆ ಮಾಡಿಕೊಂಡು, ಚೈನಿಗೆ, ಗೇರಿಗೆ, ಮೈಸೂರು ಜಿಲ್ಲೆಗೆ ಒಟ್ಟಿಗೆ ಬೈಯತೊಡಗಿದೆ. ಅಲ್ಲಿ ದೊಡ್ಡ ಅಪಾರ್ಟ್‌ಮೆಂಟು ಏಳುತ್ತಿತ್ತು, ಪಕ್ಕದಲ್ಲಿ ಕೆಲಸಗಾರರ ತಗಡಿನ ಶೆಡ್ಡುಗಳು. ಒಂದು ಶೆಡ್ಡಿನ ಮುಂದೆ ಒಲೆ ಊದುತ್ತಿದ್ದ ಅರವತ್ತರ ಹೆಂಗಸು ಎದ್ದು ಬಂದಳು, ಕೈಯಲ್ಲಿ ನೀರಿನ ಚೊಂಬು.

"ಕನ್ನಡದಾಗ ಬೈಯಾಕತ್ತೀರಲ್ಲ, ಯಾವೂರ್ರಿ ನಿಮ್ದು?"

ತವರು ಆಳಂದ ಅಂದೆ. ಆಕೆ ಗದಿಗೆಮ್ಮ, ಅಫಜಲಪುರದ ಕಡೆಯವಳು. ಮಗ, ಸೊಸೆ ಇಲ್ಲಿ ಸ್ಲ್ಯಾಬಿನ ಕೆಲಸಕ್ಕೆ, ಈಕೆ ಮೊಮ್ಮಕ್ಕಳನ್ನು ನೋಡಿಕೊಂಡು ಅಡುಗೆಗೆ. ಆಳಂದಕ್ಕೂ ಅಫಜಲಪುರಕ್ಕೂ ನಡುವೆ ಎಷ್ಟು ಹೊಲವಿದೆಯೋ ದೇವರೇ ಬಲ್ಲ, ಆದರೆ ಶಂಶಾಬಾದಿನಲ್ಲಿ ನಿಂತು ನೋಡಿದರೆ ಅವೆರಡೂ ಬಾಜೂ ಬಾಜೂ ಮನೆ. ಅವ್ವ, ಅಪ್ಪ ಇದ್ದಾರೇನು ಎಂದು ಕೇಳಿದಳು. ಇಲ್ಲ ಅಂದೆ. ಅಣ್ಣ ಮನೆ ಮಾರಿ ಪುಣೆ ಸೇರಿದ, ಈಗ ಆಳಂದಕ್ಕೆ ಹೋದರೆ ಬಸ್‌ಸ್ಟ್ಯಾಂಡಿನಲ್ಲೇ ಚಹಾ ಕುಡಿದು ವಾಪಸ್ ಬರಬೇಕು ಅಂದೆ. ಎಲ್ಲಿಂದ ಬಂತೋ, ಎಣ್ಣೆಗೈಯಲ್ಲಿ ಕಣ್ಣೊರೆಸಿಕೊಂಡು ಮುಖವೆಲ್ಲ ಕಪ್ಪು ಮಾಡಿಕೊಂಡೆ. ಗದಿಗೆಮ್ಮ ಚೊಂಬಿನ ನೀರಿನಿಂದ ನನ್ನ ಮುಖ ತೊಳೆದು, ಹಾಗಾದರೆ ನೀನು ನಮ್ಮ ಮನೆಯ ಮಗಳೇ ಅಂದುಬಿಟ್ಟಳು. ರೇಸಿನಲ್ಲಿ ಆ ಸಲ ನಾನೇ ಕಟ್ಟಕಡೆ.

ಮೂರನೆಯ ರೇಸಿನಲ್ಲಿ ಮಧುರಾ ನನ್ನನ್ನು ಹಿಡಿದದ್ದು ಕೋನ್ ಸುತ್ತಿ ಬಹಳ ದೂರ ಬಂದ ಮೇಲೆ, ಮುಕ್ತಾಯದ ಗೆರೆ ಕಣ್ಣಿಗೆ ಬೀಳುವಷ್ಟರಲ್ಲಿ. ಆಂಟಿ ಅನ್ನುವಾಗ ಅವಳ ಉಸಿರು ಸ್ವಲ್ಪ ಏರಿತ್ತು. ಆ ಏರಿದ ಉಸಿರನ್ನು ನೆನೆದು ನೆನೆದು ನಾನು ಒಂದು ತಿಂಗಳು ಸುಖವಾಗಿ ನಿದ್ದೆ ಮಾಡಿದೆ. ನಾಲ್ಕನೆಯದರಲ್ಲಿ ಹಿಡಿಯಲಾರಳು ಎಂದು ಕಾಶಿನಾಥರು ಲೆಕ್ಕ ಹಾಕಿ ಹೇಳಿದರು. ಅತ್ತೆ ರೊಟ್ಟಿಯನ್ನೂ ಅರ್ಧ ಮಾಡಿದರು.

ಆದರೆ ಮೂರನೆಯ ರೇಸಿನ ದಿನ ನಾನು ಒಂದು ಮಾತು ಆಡಿಬಿಟ್ಟಿದ್ದೆ. ಕೋನ್ ಸುತ್ತುವಾಗ ಗದಿಗೆಮ್ಮ ಒಲೆಯ ಮುಂದಿನಿಂದ ಕೈಯೆತ್ತಿದಳು. ಹಾಗೇ ಹೋಗಲು ಮನಸ್ಸು ಬಾರದೆ, ಮುಂದಿನ ತಿಂಗಳು ಇದೇ ಐತವಾರ ಕಡೆಯ ಸಲ ಬರುತ್ತೇನೆ, ಆಮೇಲೆ ಈ ಕಡೆ ಬರುವುದಿಲ್ಲ ಎಂದು ಕೂಗಿ ಹೇಳಿದೆ. ನಮ್ಮ ಕಡೆಯ ಹೆಂಗಸಿಗೆ, ಅದೂ ಮಗಳೇ ಅಂದವಳಿಗೆ, ಕಡೆಯ ಸಲ ಬರುತ್ತೇನೆ ಎಂದು ಮುಂಗಡ ತಿಳಿಸಿದರೆ ಅವಳು ಏನು ಮಾಡುತ್ತಾಳೆ ಎಂದು ಯೋಚಿಸುವ ಬುದ್ಧಿ ನನಗಿರಬೇಕಿತ್ತು. ಇರಲಿಲ್ಲ.

ಫೆಬ್ರವರಿಯ ಕಡೆಯ ರೇಸು. ಗಾಳಿ ಇಲ್ಲ, ಮಂಜು ಇಲ್ಲ, ರಸ್ತೆ ಖಾಲಿ. ಹೇಮಂತ ಬೆರಳು ಮಡಿಚಿ ಎಣಿಸಿ ನನ್ನನ್ನು ಬಿಟ್ಟ. ನಾನು ತಲೆ ತಗ್ಗಿಸಿ ಹೊಡೆದೆ. ಅಂಥ ಓಟ ನನ್ನ ಜನ್ಮದಲ್ಲಿ ಹೊಡೆದಿರಲಿಲ್ಲ, ಕಾಲು ನನ್ನವೇ ಎಂದು ನನಗೇ ನಂಬಿಕೆಯಾಗಲಿಲ್ಲ. ಕೋನ್ ಕಾಣಿಸಿದಾಗಲೂ ಹಿಂದೆ ಚಕ್ರದ ಸದ್ದಿಲ್ಲ. ಖುಷಿಯಿಂದ ಒಬ್ಬಳೇ ನಕ್ಕೆ.

ಆಗ ನೋಡಿದೆ. ಕೋನಿನ ಪಕ್ಕ, ರಸ್ತೆಯ ನಟ್ಟನಡುವೆ, ಗದಿಗೆಮ್ಮ. ಹೊಸ ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ಮೊರ. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಬಟ್ಟೆಯ ಕಣ, ಎಲೆ ಅಡಿಕೆ, ಬಾಳೆಹಣ್ಣು. ಅಕ್ಕಪಕ್ಕದ ಶೆಡ್ಡಿನ ಹೆಂಗಸರೂ ತಲೆ ಬಾಚಿ ನಿಂತಿದ್ದರು. ಕೋನ್ ಕಾಯಲು ನಿಂತಿದ್ದ ಕ್ಲಬ್ಬಿನವನು ತೆಲುಗಿನಲ್ಲಿ ಎಷ್ಟು ಬೇಡಿಕೊಂಡರೂ ಅವರು ಕದಲಿರಲಿಲ್ಲ.

ಕೈ ಬೀಸಿ ಹೋಗಿಬಿಡಬೇಕು ಅಂದುಕೊಂಡೆ. ಖರೆ ಹೇಳುತ್ತೇನೆ, ಕೋನ್ ಸುತ್ತಿ ಹೊರಟೇಬಿಟ್ಟಿದ್ದೆ. ಹಿಂದಿನಿಂದ ಗದಿಗೆಮ್ಮನ ದನಿ ಬಂತು. ಜೋರಾಗೇನೂ ಇರಲಿಲ್ಲ.

"ತವರಿಂದ ಬರೀ ಉಡೀಲೆ ಹೋಗಬಾರದವ್ವ."

ಅವ್ವ ಸತ್ತ ಮೇಲೆ ಆ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಅತ್ತೆ ಹಬ್ಬಕ್ಕೆ ಸೆರಗೊಡ್ಡಿಸಿ ಉಡಿ ತುಂಬುತ್ತಾರೆ, ಪ್ರೀತಿಯಿಂದಲೇ ತುಂಬುತ್ತಾರೆ, ಆದರೆ ಅತ್ತೆಯ ಉಡಿ ಬೇರೆ, ತವರಿನ ಉಡಿ ಬೇರೆ. ಅದನ್ನು ಬೇಡ ಅಂದ ಹೆಣ್ಣು ನಮ್ಮ ಕಡೆ ಹುಟ್ಟಿಲ್ಲ. ಬ್ರೇಕು ಹಿಡಿದದ್ದು ನನ್ನ ಕೈಯೇ ಇರಬೇಕು. ಸೈಕಲ್ ತಿರುಗಿಸಿದೆ, ಅತ್ತ ಮಧುರಾಳ ಚಕ್ರವೂ ಬರುತ್ತಿತ್ತು.

ಜಲ್ದಿ ತುಂಬ್ರಿ ಅಂದೆ. ಜಲ್ದಿ ತುಂಬಲು ಸೆರಗೆಲ್ಲಿ? ನನ್ನ ಮೈಮೇಲಿದ್ದದ್ದು ಸೈಕಲ್ಲಿನ ಜರ್ಸಿ. ಅದಕ್ಕೆ ಇರುವುದು ಬೆನ್ನ ಮೇಲೆ ಮೂರು ಜೇಬು. ತಿರುಗಿ ನಿಂತು ಬೆನ್ನು ಕೊಟ್ಟೆ. ಒಂದು ಜೇಬಿಗೆ ಅಕ್ಕಿ ಬಿತ್ತು, ಒಂದಕ್ಕೆ ಕುಪ್ಪಸದ ಕಣ, ಎಲೆ ಅಡಿಕೆ, ಬಾಳೆಹಣ್ಣು, ನಡುವಿನ ಜೇಬಿಗೆ ತೆಂಗಿನಕಾಯಿ. ಜರ್ಸಿ ಮೊಣಕಾಲಿನ ಕಡೆಗೆ ಪ್ರಯಾಣ ಬೆಳೆಸಿತು. ತಿಂಗಳುಗಟ್ಟಲೆ ತುಪ್ಪವಿಲ್ಲದ ರೊಟ್ಟಿ ತಿಂದು ಇಳಿಸಿದ ತೂಕ ಒಂದು ಗಳಿಗೆಯಲ್ಲಿ ವಾಪಸ್ ಬಂತು. ಹೆಲ್ಮೆಟ್ಟಿನ ಕೆಳಗೆ ಕುಂಕುಮ ಹಚ್ಚಿದರು. ಇಷ್ಟಾದರೂ ಬಿಡಬೇಕಲ್ಲ, ಪಕ್ಕದವಳು ಗಂಡನ ಹೆಸರಿಟ್ಟು ಒಡಪು ಹೇಳಬೇಕೆಂದು ಅಡ್ಡ ನಿಂತಳು. ಒಡಪು ಹೇಳದೆ ಉಡಿ ತೆಗೆದುಕೊಂಡು ಹೋದವರುಂಟೇ? ಏದುಸಿರಿನಲ್ಲೇ ಕಟ್ಟಿ ಹೇಳಿದೆ.

"ಸೈಕಲ್ ಮ್ಯಾಲ ಬಂದೀನಿ, ಯಾಳ್ಯಾ ಇಲ್ಲ ಕೂಡ್ರಾಕ, ಕಾಶಿನಾಥರ ಹೆಸರ ಹೇಳ್ತೀನಿ, ದಾರಿ ಬಿಡ್ರಿ ಓಡಾಕ."

ನಕ್ಕು ದಾರಿ ಬಿಟ್ಟರು. ಗದಿಗೆಮ್ಮನ ಕಾಲು ಮುಟ್ಟಿ ಸೈಕಲ್ ಹತ್ತುವಾಗ ಮಧುರಾ ಕೋನಿಗೆ ಬಂದೇಬಿಟ್ಟಿದ್ದಳು. ಮುಗಿಯಿತು ಕಥೆ ಅಂದುಕೊಂಡೆ. ಆದರೆ ಒಬ್ಬಳಿಗೆ ಕುಂಕುಮ ಕೊಟ್ಟು ಪಕ್ಕದಲ್ಲಿರುವ ಇನ್ನೊಬ್ಬಳನ್ನು ಹಾಗೇ ಬಿಡುವ ರೂಢಿ ನಮ್ಮಲ್ಲಿಲ್ಲ. ಹೆಂಗಸರೆಲ್ಲ ಮಧುರಾಳ ಮುಂದೆ ಅಡ್ಡ ನಿಂತರು. ಆ ಹುಡುಗಿ ಬೇಕಾದರೆ ಪಕ್ಕಕ್ಕೆ ಎಳೆದು ಹೋಗಬಹುದಿತ್ತು, ಅಷ್ಟು ಜಾಗವಿತ್ತು. ಹೋಗಲಿಲ್ಲ, ನಿಂತಳು. ಮುಂದೆ ತಂದ ಕುಂಕುಮವನ್ನು ದಾಟಿ ಹೋಗಬಾರದು ಎಂದು ಅವಳ ಅಜ್ಜಿ ಹೇಳುತ್ತಿದ್ದರಂತೆ. ಮದುವೆ ಆಗಿಲ್ಲ ಎಂದು ಹೇಳಿ ಪಾರಾಗಲು ನೋಡಿದಳಂತೆ. ಮದುವೆ ಆಗದಿದ್ದರೆ ಏನಾಯಿತು, ಹೆಣ್ಣುಮಗಳಲ್ಲವೇ ಎಂದ ಗದಿಗೆಮ್ಮ, ಯಾಕೆ ಆಗಿಲ್ಲ, ಯಾವಾಗ ಆಗುತ್ತದೆ, ಗಂಡು ನೋಡಿದ್ದಾರೋ ಇಲ್ಲವೋ ಎಂದೆಲ್ಲ ವಿಚಾರಿಸುತ್ತಲೇ ಶೆಡ್ಡಿನಿಂದ ಇನ್ನೊಂದು ಕಾಯಿ, ಕಣ ತರಿಸಿ ಅವಳಿಗೂ ಉಡಿ ತುಂಬಿದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ, ಬೆನ್ನ ಹಿಂದೆ ಸದ್ದಿಲ್ಲ. ಪಾಪ ಅನ್ನಿಸಲಿಲ್ಲ, ನಾನು ಅಷ್ಟು ಒಳ್ಳೆಯವಳಲ್ಲ.

ವಾಪಸ್ ದಾರಿಯ ಗೋಳು ನನಗೇ ಗೊತ್ತು. ಪ್ರತಿ ತುಳಿತಕ್ಕೂ ತೆಂಗಿನಕಾಯಿ ಬೆನ್ನಿನ ಎಲುಬಿಗೆ ಗುದ್ದುತ್ತಿತ್ತು. ಅಕ್ಕಿ ಸೋರಿ ಚಡ್ಡಿಯೊಳಗೆ ಇಳಿಯುತ್ತಿತ್ತು. ಬಾಳೆಹಣ್ಣು ಏನಾಯಿತು ಎಂದು ಕೇಳಬೇಡಿ. ಅರ್ಧ ದಾರಿ ದಾಟಿದಾಗ ಹಿಂದೆ ಚಕ್ರದ ಸದ್ದು ಕೇಳಿಸಿತು. ಬಗ್ಗಿ ಕಂಕುಳ ಸಂದಿನಿಂದ ಹಿಂದೆ ನೋಡಿದೆ. ಮಧುರಾ ತನ್ನ ಪಾಲಿನ ಅಕ್ಕಿ, ಕಾಯಿಯನ್ನು ಕುಪ್ಪಸದ ಕಣದಲ್ಲಿ ಗಂಟು ಕಟ್ಟಿ ಹ್ಯಾಂಡಲ್ಲಿಗೆ ನೇತುಹಾಕಿಕೊಂಡಿದ್ದಳು. ಗಂಟು ಅವಳ ಎರಡು ಮೊಣಕಾಲಿಗೂ ಸರದಿಯಂತೆ ಬಡಿಯುತ್ತಿತ್ತು. ಆದರೂ ಹತ್ತಿರವಾಗುತ್ತಿದ್ದಳು. ನಾನು ಹಲ್ಲು ಕಚ್ಚಿದೆ. ಅವಳು ಇನ್ನೂ ಹತ್ತಿರವಾದಳು.

ಗೆರೆ ಕಾಣಿಸಿತು. ಗೆರೆಯ ಹತ್ತಿರ ಅತ್ತೆ ಎರಡೂ ಕೈಯೆತ್ತಿ ನಿಂತದ್ದು ಕಾಣಿಸಿತು. ಅಷ್ಟರಲ್ಲಿ ಹಿಂದಿನಿಂದ ಮಧುರಾ, 'ಆಂಟಿ, ಕಾಯಿ ಬೀಳ್ತಿದೆ' ಎಂದು ಕಿರುಚಿದಳು. ಹೌದು, ಜೋತುಬಿದ್ದ ಜೇಬಿನ ಬಾಯಿಗೆ ಅದು ಬಂದಿತ್ತು. ಕೈ ಹಿಂದೆ ಹಾಕಿದರೆ ಓಟ ಹೋಗುತ್ತದೆ, ಹಾಕದಿದ್ದರೆ ತವರಿನ ಕಾಯಿ ಡಾಂಬರಿನ ಮೇಲೆ ಒಡೆಯುತ್ತದೆ. ನನ್ನ ಬಾಯಿಂದ ಬರಬಾರದ ಮಾತು ಬಂತು. ಒಂದು ಕೈ ಹಿಂದೆ ಹಾಕಿ ಕಾಯಿ ಹಿಡಿದೆ, ಇನ್ನೊಂದು ಕೈಯಲ್ಲಿ ಹ್ಯಾಂಡಲ್, ಸೈಕಲ್ ಓಲಾಡಿಕೊಂಡು, ಅಕ್ಕಿ ಚೆಲ್ಲಿಕೊಂಡು, ಅಯ್ಯೋ ಅಯ್ಯೋ ಅನ್ನುತ್ತಲೇ ಗೆರೆ ದಾಟಿದೆ. ಮಧುರಾಳ ಮುಂದಿನ ಚಕ್ರ ನನ್ನ ಹಿಂದಿನ ಚಕ್ರದ ಹತ್ತಿರವಿತ್ತು. ಹತ್ತಿರ ಅಷ್ಟೇ, ಹಿಡಿದಿರಲಿಲ್ಲ.

ಅತ್ತೆ ಕುಣಿಯುವುದೊಂದು ಬಾಕಿ. ಕಾಶಿನಾಥರು ವಿಡಿಯೋ ಮಾಡುವ ಗಡಿಬಿಡಿಯಲ್ಲಿ ತಮ್ಮ ಮುಖವನ್ನೇ ತೆಗೆದುಕೊಂಡಿದ್ದರು. ಆ ಸಂಭ್ರಮದ ನಡುವೆ ಹೇಮಂತ ನಿಧಾನವಾಗಿ ಬಂದು ನಿಂತ. ಕೋನಿನವನು ಫೋನಿನಲ್ಲಿ ಎಲ್ಲ ಹೇಳಿದ್ದನಂತೆ. ಓಟದ ನಡುವೆ ಹೊರಗಿನವರಿಂದ ವಸ್ತು, ತಿನಿಸು ಪಡೆಯುವಂತಿಲ್ಲ, ಆದ್ದರಿಂದ ಒಂದು ಮತ್ತು ಎರಡನೇ ನಂಬರಿನವರು ಇಬ್ಬರೂ ಅನರ್ಹರು ಎಂದು ಪುಸ್ತಕ ಓದಿದಂತೆ ಹೇಳಿದ. ಅತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿದರು. ಸಹಾಯ ಅಂದರೆ ಭಾರ ಇಳಿಸುವುದು, ಇದು ಭಾರ ಏರಿಸಿದ್ದು, ಇದಕ್ಕೆ ನೀನು ಬಹುಮಾನ ಕೊಡಬೇಕು ಎಂದು ವಾದಿಸಿದರು. ಹೇಮಂತ ತಲೆ ಕೆರೆದುಕೊಂಡ, ವಾದದಲ್ಲಿ ಹುರುಳಿದೆ ಎಂದೂ ಒಪ್ಪಿಕೊಂಡ, ನಿಯಮ ಮಾತ್ರ ನಿಯಮವೇ ಅಂದ.

ನಾನು ರಸ್ತೆ ಬದಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಅನರ್ಹಳಾದರೆ ಆಗಲಿ, ಹಿಡಿಯಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೆ. ಮಧುರಾ ಬಂದು ಪಕ್ಕದಲ್ಲಿ ಕೂತಳು. ಮೊಣಕಾಲು ಕೆಂಪಾಗಿತ್ತು, ಹಣೆಯ ಕುಂಕುಮ ಬೆವರಿಗೆ ಮೂಗಿನವರೆಗೆ ಇಳಿದಿತ್ತು. ಗಂಟು ಬಿಚ್ಚುತ್ತ, ಅವರು ಅಷ್ಟೊಂದು ಪ್ರಶ್ನೆ ಕೇಳದೇ ಇದ್ದಿದ್ದರೆ ನಾನು ನಿಮ್ಮನ್ನ ಹಿಡೀತಿದ್ದೆ ಆಂಟಿ ಅಂದಳು. ನಿಜವೇ ಇರಬೇಕು. ಅದಕ್ಕೇ ಇನ್ನಷ್ಟು ಉರಿಯಿತು. ಸೀಸನ್ನು ಪೂರ್ತಿ ತುಳಿದು, ತುಪ್ಪ ಬಿಟ್ಟು, ಬೆನ್ನು ಮುರಿದುಕೊಂಡು, ಕಡೆಗೂ ಆಂಟಿಯಾಗಿಯೇ ಉಳಿದೆ.

ಹೇಮಂತನನ್ನು ಬಿಟ್ಟು ಅತ್ತೆ ನಮ್ಮ ಕಡೆ ತಿರುಗಿದರು. ನನ್ನ ಬೆನ್ನ ಜೇಬು ನೋಡಿದರು, ಹುಡುಗಿಯ ಗಂಟು ನೋಡಿದರು. ಇಬ್ಬರಿಗೂ ಉಡಿ ತುಂಬಿದವರು ಯಾರು ಎಂದು ಕೇಳಿದರು. ನಾನು ಗದಿಗೆಮ್ಮನ ವಿಷಯ ಹೇಳಿದೆ, ಬರೀ ಉಡಿಯಲ್ಲಿ ಹೋಗಬಾರದು ಎಂದು ಅವಳು ಅಂದದ್ದನ್ನೂ ಹೇಳಿದೆ. ಅತ್ತೆ ಸೊಂಟಕ್ಕೆ ಸಿಕ್ಕಿಸಿದ ಸೆರಗು ಬಿಡಿಸಿ, ಮಧುರಾಳ ಮುಂದೆ ಹೋಗಿ ನಿಂತರು.

"ಒಬ್ಬಾಕಿ ಕೈಲೆ ಇಬ್ಬರೂ ಉಡಿ ತುಂಬಿಸ್ಕೊಂಡೀರಿ, ಅಂದ್ರ ಒಂದ ತವರಿನ ಹೆಣ್ಣಮಕ್ಕಳಾದ್ರಿ. ತಂಗಿ ಆದಾಕಿ ಅಕ್ಕಗ ಆಂಟಿ ಅಂತಾಳೇನವ್ವ?"

ಮಧುರಾ ಅದನ್ನು ತಮಾಷೆ ಅಂದುಕೊಳ್ಳಲಿಲ್ಲ. ಅಕ್ಕಿಯನ್ನು ನೋಡಿ, ನನ್ನನ್ನು ನೋಡಿ, ಆಫೀಸಿನ ಕೆಲಸದ ಹಾಗೆ ಗಂಭೀರವಾಗಿ ಯೋಚನೆ ಮಾಡಿದಳು.

"ಸರಿ. ಮುಂದಿನ ಸೀಸನ್‌ನಲ್ಲಿ ಹಿಡಿದೇ ಹಿಡೀತೀನಿ, ಅಕ್ಕ."

ಹಿಡಿ ನೋಡೋಣ ಅಂದೆ. ನಗು ತಡೆಯಲು ಆಗಲಿಲ್ಲ, ಅಳುವನ್ನೂ ತಡೆಯಲು ಆಗಲಿಲ್ಲ, ಎರಡೂ ಒಟ್ಟಿಗೆ ಬಂದು ಮೂಗು ಸೋರಿತು. ಅತ್ತೆ ತಮ್ಮ ಸೆರಗಿನಿಂದಲೇ ಒರೆಸಿದರು.

ಸೈಕಲ್ಲನ್ನು ಕಾರಿನ ಮೇಲೆ ಕಟ್ಟಿ ಕಾಶಿನಾಥರು ಮನೆಯ ಕಡೆ ತಿರುಗಿಸಿದ್ದೇ ಅತ್ತೆ ತಡೆದರು. ಸೊಸೆಯ ತವರಿನವರು ಅಂದರೆ ತನಗೆ ಬೀಗರು, ಇಷ್ಟು ಹತ್ತಿರ ಬಂದು ಬೀಗರ ಮನೆಗೆ ಹೋಗದಿದ್ದರೆ ನಾಳೆ ಅವರು ಏನಂದಾರು ಎಂದು ಗದರಿದರು. ಕಾಶಿನಾಥರು ಕಾರು ತಿರುಗಿಸಿದರು. ಬೀಗರ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ರಸ್ತೆ ಬದಿಯ ಅಂಗಡಿಯಲ್ಲಿ ನಿಲ್ಲಿಸಿ ಒಂದು ಡಜನ್ ಬಾಳೆಹಣ್ಣು ಕೊಂಡರು. ನಾನು ಹಿಂದಿನ ಸೀಟಿನಲ್ಲಿ ತೆಂಗಿನಕಾಯಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.

ನಾವು ಬಾಳೆಹಣ್ಣಿಗೆ ಚೌಕಾಸಿ ಮಾಡುತ್ತಿದ್ದಾಗ ಮಧುರಾ ತಾನೂ ಬರುತ್ತೇನೆಂದು ಸೈಕಲ್ ಹತ್ತಿದವಳು ಕಾರನ್ನು ಸುಂಯ್ ಎಂದು ದಾಟಿ, ಕೈ ಬೀಸಿ, ಅಕ್ಕ ಎಂದು ಕೂಗಿ ಮುಂದೆ ಹೋದಳು. ನಿಂತ ಕಾರನ್ನು ದಾಟಿದ್ದು ಲೆಕ್ಕಕ್ಕಿಲ್ಲ ಎಂದು ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಹೇಳಿದೆ.